ಕಟಗಿಗೆ ನೀರು ಹಾಕಿದ ಬೀಗತಿ

ಅನಸುಬಾಯಿಯ ಬಾಯಿಗೆ ಕೀಲಿ ಇಲ್ಲ, ಆದರೆ ಆಕೆಯ ಗೆರೆಗೆ ಡೊಂಕೂ ಇಲ್ಲ. ಶಹಾಬಾದಿನಲ್ಲಿ ಯಾರನ್ನು ಕೇಳಿದರೂ ಈ ಎರಡು ಮಾತನ್ನು ಜೊತೆಯಾಗಿಯೇ ಹೇಳುತ್ತಾರೆ. ಯಾರಾದರೂ ಮೊದಲನೆಯದನ್ನು ಹೇಳಿ ಎರಡನೆಯದನ್ನು ಮರೆತರೆ ಅನಸುಬಾಯಿಯೇ ಬಂದು ಸೇರಿಸಿ ಹೋಗುತ್ತಾಳೆ.

ಆಕೆ ಕಲ್ಲಿನ ಕಾರ್ಖಾನೆಗೆ ಸೇರಿದ್ದು ನೀರು ಹಾಕುವ ಕೆಲಸಕ್ಕೆ. ಶಹಾಬಾದಿನ ಹಾಸುಗಲ್ಲನ್ನು, ಅಂದರೆ ನಮ್ಮವರ ಬಾಯಿಯ ಪರಸಿಯನ್ನು, ಕೈಯಲ್ಲಿ ಹಿಡಿಯುವ ಕಟರ್ ಮಷಿನ್ನಿನಿಂದ ಕೊಯ್ಯುವಾಗ ಬ್ಲೇಡಿನ ಬಾಯಿಗೆ ನೀರು ಬೀಳುತ್ತಲೇ ಇರಬೇಕು. ಇಲ್ಲದಿದ್ದರೆ ಬ್ಲೇಡು ಕಾಯುತ್ತದೆ, ಧೂಳು ಎದೆಗೆ ಇಳಿಯುತ್ತದೆ. ಗಂಡಸು ಕೊಯ್ಯಬೇಕು, ಹೆಂಗಸು ನೀರು ಹಾಕಬೇಕು, ಅದು ಅಲ್ಲಿಯ ರಿವಾಜು. ಹಾಗಿರುವಾಗ ಒಮ್ಮೆ ಕೊಯ್ಯುವವನು ಭಾವಮೈದುನನ ಮದುವೆಗೆಂದು ಸೇಡಂ ಊರಿಗೆ ಹೋದವನು ಹೋಳಿಗೆಯ ರುಚಿಗೆ ಅಲ್ಲಿಯೇ ಉಳಿದುಬಿಟ್ಟ. ಮಾಲಕರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅನಸುಬಾಯಿ ನೀರಿನ ಬಾಟಲಿಯನ್ನು ಪಕ್ಕದಾಕೆಯ ಕೈಗೆ ಕೊಟ್ಟು, "ನೋಡಿ ನೋಡಿ ನನ್ನ ಕಣ್ಣಿಗೇ ಕೊಯ್ಯಾಕ ಬಂದದ, ಇನ್ನ ಕೈಗಿ ಬರಲ್ಲೇನು?" ಎಂದು ಮಷಿನ್ ಎತ್ತಿಕೊಂಡಳು. ಸೇಡಂಗೆ ಹೋದವನು ಹೊಟ್ಟೆ ತುಂಬಿಸಿಕೊಂಡು ಮರಳಿ ಬಂದಾಗ ಅವನಿಗೆ ಸಿಕ್ಕಿದ್ದು ನೀರಿನ ಬಾಟಲಿ.

ಆಕೆ ಕಲ್ಲು ಕೊಯ್ಯುವುದನ್ನು ನೋಡುವುದೇ ಒಂದು ಸಂಭ್ರಮವಾಗಿತ್ತು. ಸುಣ್ಣದ ದಾರ ಹಿಡಿದು ಗೆರೆ ಹೊಡೆಯುವಳು. ಆ ಗೆರೆಯ ಮೇಲೆ ಮೊದಲು ಚರ್ಮ ಸುಲಿದಷ್ಟೇ ತೆಳುವಾಗಿ ಒಂದು ಸಲ ಬ್ಲೇಡು ಓಡಿಸುವಳು. ಆಮೇಲೆ ಅರ್ಧದವರೆಗೆ ಇಳಿಸುವಳು. ಮಷಿನ್ ಕೆಳಗಿಟ್ಟು ಸುತ್ತಿಗೆಯ ಹಿಡಿಕೆಯಿಂದ ಟಣ್ ಎಂದು ಒಂದೇ ಪೆಟ್ಟು. ಕಡಕ್ ರೊಟ್ಟಿ ಮುರಿದ ಹಾಗೆ ಕಲ್ಲು ಗೆರೆಗುಂಟ ಎರಡಾಗುತ್ತಿತ್ತು. ಆಗ ಆಕೆ ಸುತ್ತಲೂ ನೋಡಿ, "ನನ್ನ ಗೆರಿ ನೋಡೇ ರೈಲಿನವ್ರು ಹಳಿ ಹಾಸ್ಯಾರ್ರಿ" ಎನ್ನುತ್ತಿದ್ದಳು. ಹಳಿ ಹಾಸಿದಾಗ ಆಕೆಯ ಅಜ್ಜಿಯೂ ಹುಟ್ಟಿರಲಿಲ್ಲ ಎಂಬುದು ಬೇರೆ ಮಾತು.

ಆಮೇಲೆ ಊರೂರಿಗೆ ಟೈಲ್ಸ್ ಬಂದವು, ಪರಸಿ ಕೇಳುವವರು ಕಡಿಮೆಯಾದರು, ಕಾರ್ಖಾನೆ ಬಾಗಿಲು ಹಾಕಿತು. ಮಾಲಕರು ಕಣ್ಣಲ್ಲಿ ನೀರು ತಂದುಕೊಂಡು ಆ ಕಟರ್ ಮಷಿನ್ನನ್ನು ಆಕೆಗೇ ಕೊಟ್ಟು ಕಳಿಸಿದರು. ಅನಸುಬಾಯಿ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಬಾಯಿ ಮೊದಲಿನ ಹಾಗೆಯೇ ಓಡುತ್ತಿತ್ತು, ಕೈಗೆ ಮಾತ್ರ ಕೆಲಸವಿರಲಿಲ್ಲ. ಸೌತೆಕಾಯಿ ಹೆಚ್ಚುವಾಗಲೂ ಈಳಿಗೆಯ ಮುಂದೆ ಕಣ್ಣು ಕಿರಿದು ಮಾಡಿ ಅಂಚು ನೋಡುತ್ತಿದ್ದಳೆಂದರೆ ಆಕೆಯ ಸಂಕಟ ನಿಮಗೆ ತಿಳಿದೀತು.

ಗಂಡ ಚಂದ್ರಾಮನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಬಹಳ ಹೇಳುವುದು ಬೇಡ, ಅವನಿಗೇ ಅದು ಸೇರುವುದಿಲ್ಲ. ಮನೆಯ ಮಾತನ್ನೆಲ್ಲ ಹೆಂಡತಿಗೆ ಬಿಟ್ಟುಕೊಟ್ಟು ತಾನು ಚಾ ಕುಡಿಯುತ್ತಿದ್ದ ಮನುಷ್ಯ. ಅವನು ನಕ್ಕಿದ್ದನ್ನು ಕಂಡವರಿಲ್ಲ.

ಈ ಇಬ್ಬರ ಒಬ್ಬಳೇ ಮಗಳು ಮೈತ್ರಿ. ಅವಳನ್ನು ಚಿತ್ತಾಪುರದ ರಾಜರತ್ನನಿಗೆ ಕೊಟ್ಟು ಬುದ್ಧ ವಿಹಾರದಲ್ಲಿ ಮದುವೆ ಮಾಡಿದರು. ಅಳಿಯ ಚಿನ್ನದಂಥ ಹುಡುಗ, ವಾಡಿಯಲ್ಲಿ ರೈಲ್ವೆ ನೌಕರಿ. ಅಳಿಯನ ತಾಯಿ ಸಂಘಮಿತ್ರಾ ಮಾತ್ರ ಬೇರೆಯೇ ಜಾತಿಯ ಲೋಹ. ಚಿತ್ತಾಪುರದ ಸುತ್ತಮುತ್ತ ಬೀಗರ ಹಾಡು ಹಾಡುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಮದುವೆಯಲ್ಲಿ ಹೆಣ್ಣಿನ ಕಡೆಯವರನ್ನು ಗಂಡಿನ ಕಡೆಯ ಹೆಂಗಸರು ಹಾಡು ಕಟ್ಟಿ ಗೇಲಿ ಮಾಡುವುದು ಎಲ್ಲ ಕಡೆಯೂ ಇದ್ದದ್ದೇ, ಊಟವಾದ ಮೇಲೆ ಅದು ಮರೆತೂ ಹೋಗುತ್ತದೆ. ಸಂಘಮಿತ್ರಾ ಕಟ್ಟಿದ ಹಾಡು ಮರೆಯುವುದಿಲ್ಲ, ಅದೇ ತೊಂದರೆ. ಮುಧೋಳದಲ್ಲಿ ಒಬ್ಬ ದೊಡ್ಡ ಮನುಷ್ಯ ಬೀಗರಿಗೆ ಪಾಯಸ ಹೊತ್ತಿಸಿ ಬಡಿಸಿದ್ದ. ಅವನಿಗೀಗ ಮೊಮ್ಮಕ್ಕಳಾಗಿದ್ದಾರೆ. ಆ ಮೊಮ್ಮಕ್ಕಳನ್ನು ಇಂದಿಗೂ ಊರವರು 'ಕರಕಲ ಪಾಯಸದವರ ಮಕ್ಕಳು' ಎಂದೇ ಕರೆಯುತ್ತಾರೆ.

ಮೈತ್ರಿಯ ಮದುವೆಯ ದಿನ ಅನಸುಬಾಯಿಯ ಪುಣ್ಯಕ್ಕೆ ಸಂಘಮಿತ್ರಾಳ ಗಂಟಲು ಕಟ್ಟಿತ್ತು. ಬಿಸಿನೀರು ಕುಡಿಯುತ್ತ, "ಹಾಡು ಬಾಕಿ ಅದ ಬೀಗತಿ, ಮರೀಬ್ಯಾಡ್ರಿ" ಎಂದಷ್ಟೇ ಪಿಸುಗುಟ್ಟಿ ಹೋಗಿದ್ದಳು.

ಹೊಸ ಜೋಡಿಗೆ ವಾಡಿಯಲ್ಲಿ ಬಾಡಿಗೆ ಮನೆ ಸಿಕ್ಕಿತು. ಸಂಸಾರ ಹೂಡುವ ಮೊದಲು ಎರಡೂ ಕಡೆಯ ಹಿರಿಯರು ಮನೆ ನೋಡಲು ಹೋದರು. ಅಡುಗೆಮನೆಯ ಗೋಡೆಯಲ್ಲಿ ದೊಡ್ಡದೊಂದು ಗೂಡು, ಅದರಲ್ಲಿ ಪರಸಿಯ ಹಲಗೆಗಳು. ಬಾಗಿಲಿಲ್ಲ.

"ಬಾಗಲ ಇದ್ದಿದ್ರ ಚೆಂದ ಇತ್ತು. ಇಲಿ ಹೊಕ್ಕಾವು" ಎಂದಳು ಸಂಘಮಿತ್ರಾ.

"ನಾ ಬಡಗೇರಿಗಿ ಹೇಳ್ತೀನ್ರಿ" ಎಂದ ರಾಜರತ್ನ.

ಮಾತು ಅಲ್ಲಿಗೇ ಮುಗಿಯಬೇಕಿತ್ತು. ಅನಸುಬಾಯಿ ಗೂಡಿನ ಕಲ್ಲಿನ ಅಂಚಿನ ಮೇಲೆ ಬೆರಳಾಡಿಸುತ್ತ ನಿಂತಿದ್ದಳು. ಯಾರೋ ಬಹಳ ಚೆನ್ನಾಗಿ ಕೊಯ್ದಿದ್ದ ಕಲ್ಲು, ಬಹುಶಃ ತಾನೇ. ಬೆರಳಿಗೆ ಹಳೆಯ ಹುಚ್ಚು ಹತ್ತಿತು, ಬೆರಳಿನಿಂದ ನಾಲಿಗೆಗೆ ಏರಿತು.

"ಬಡಗೇರ್ಯಾಕ? ಬಾಗಲ ನಾ ಮಾಡ್ತೀನಿ. ನನ್ನ ಕೈಲೇ ಕೊಯ್ದು ಕೂಡಸ್ತೀನಿ."

ಚಂದ್ರಾಮನ ಚಾ ಬಟ್ಟಲು ತುಟಿಯ ಹತ್ತಿರವೇ ನಿಂತಿತು. ಮೈತ್ರಿ ತಾಯಿಯ ಸೆರಗು ಹಿಡಿದು ಜಗ್ಗಿದಳು. ಸಂಘಮಿತ್ರಾಳ ತುಟಿಯ ಒಂದು ಬದಿ ಮೆಲ್ಲಗೆ ಮೇಲೆದ್ದಿತು.

"ಕಟಗಿ ಕೊಯ್ದು ಗೊತ್ತದ ಏನ್ರಿ ಬೀಗತಿ?"

"ಕಲ್ಲೇ ನನ್ನ ಮಾತ ಕೇಳ್ತದಂದ್ರ ಕಟಗಿ ಕೇಳಲ್ಲೇನ್ರಿ? ಸಂಸಾರ ಹೂಡೋ ದಿನ ಬಂದು ನೋಡ್ರಿ. ನನ್ನ ಗೆರಿ ಒಂದು ಸೂತದಷ್ಟು ಡೊಂಕಾದ್ರ, ಒಂದು ಸಿಬರು ಎದ್ದಿದ್ರ, ನಿಮ್ಮ ಮನಸಿಗಿ ಬಂದಂಗ ಹಾಡ ಕಟ್ಟಿ ಹಾಡ್ರಿ!"

"ಭಾಳ ಛಲೋ ಆತು" ಎಂದಳು ಸಂಘಮಿತ್ರಾ. ಆಕೆಯ ಗಂಟಲು ಅಷ್ಟರಲ್ಲಿ ಪೂರ್ತಿ ವಾಸಿಯಾಗಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾಪಸು ಬರುವ ದಾರಿಯುದ್ದಕ್ಕೂ ಮೈತ್ರಿ ಗೋಗರೆದಳು. "ಅವ್ವಾ, ನಿನ್ನ ಕಾಲ ಬೀಳ್ತೀನಿ, ಬಡಗೇರಿಗಿ ಹೇಳಮು. ನಮ್ಮತ್ತಿ ಹಾಡು ಒಮ್ಮಿ ಹತ್ತಿದ್ರ ಸಾಯೋತನ ಬಿಡಲ್ಲ. ನಾ ಆ ಮನ್ಯಾಗ ಬಾಳ್ವಿ ಮಾಡಬೇಕು." ಊರಿನ ಮುಂದೆ ತನ್ನದೆಂದು ಹೇಳಿಕೊಳ್ಳಲು ಅನಸುಬಾಯಿಗಿದ್ದದ್ದು ಒಂದು ನೆಟ್ಟಗಿನ ಗೆರೆ. ಅದನ್ನೇ ಪಣಕ್ಕಿಟ್ಟು ಬಂದಿದ್ದಳು. ಮಗಳಿಗೆ ಮಾತ್ರ, "ನಮ್ಮವ್ವ ಯಾರಂತ ತಿಳಕೊಂಡಿ?" ಎಂದಳು. 'ನಿಮ್ಮವ್ವ' ಎನ್ನಬೇಕಾದದ್ದು ಗಡಿಬಿಡಿಯಲ್ಲಿ 'ನಮ್ಮವ್ವ' ಆಗಿತ್ತು.

ಮರುದಿನವೇ ಗಂಡ ಹೆಂಡತಿ ಹೋಗಿ ಸಾಗವಾನಿಯ ಪದರು ಹಚ್ಚಿದ ಒಂದು ದೊಡ್ಡ ಪ್ಲೈವುಡ್ ಹಲಗೆ ತಂದರು. ಎರಡೂ ಮೈಗೆ ಸಾಗವಾನಿ, ಜೇನಿನ ಬಣ್ಣ, ಉದ್ದಕ್ಕೆ ಹರಿದ ಎಳೆಗಳು. ಒಂದೇ ಹಲಗೆಯಿಂದ ಎಲ್ಲ ಬಾಗಿಲು ಕೊಯ್ದರೆ ಎಳೆಗಳು ಬಾಗಿಲಿನಿಂದ ಬಾಗಿಲಿಗೆ ಸಾಗಿ ಬರುತ್ತವೆ, ಗೂಡಿನ ತುಂಬ ಒಂದೇ ಮರ ಮಲಗಿದ ಹಾಗೆ ಕಾಣುತ್ತದೆ. ಅಂಗಡಿಯಲ್ಲಿ ಹಾಗೆ ಎಳೆ ಕೂಡುವ ಹಲಗೆ ಅದೊಂದೇ ಇತ್ತು. ಆಟೋದಲ್ಲಿ ಹಲಗೆಯನ್ನು ನಿಲ್ಲಿಸಿಕೊಂಡು ಹೊರಟಾಗ ಗಾಳಿ ಬೀಸಿ, ಚಂದ್ರಾಮ ಹಲಗೆ ಹಿಡಿದಿದ್ದಾನೋ ಹಲಗೆ ಚಂದ್ರಾಮನನ್ನು ಹಿಡಿದಿದೆಯೋ ಎಂದು ರಸ್ತೆಯವರು ನಿಂತು ನೋಡಿದರು.

ಅಂಗಳದಲ್ಲಿ ಹಲಗೆಯ ಅಂಚನ್ನು ನೋಡಿದ್ದೇ ಅನಸುಬಾಯಿ ಕುಣಿದಳು. ಒಂದರ ಮೇಲೊಂದು ಪದರು! ಖಣಿಯಲ್ಲಿ ಪರಸಿ ಕಾಣುವುದೂ ಹೀಗೆಯೇ. "ನೋಡ್ರಿ, ಇದೂ ನಮ್ಮ ಕಲ್ಲಿನ ತಮ್ಮನೇ ಅದ!" ಎಂದು ಗಂಡನಿಗೆ ತೋರಿಸಿದಳು. ತಮ್ಮನೆಂದ ಮೇಲೆ ಅಣ್ಣನಿಗೆ ಮಾಡಿದ್ದನ್ನೇ ತಮ್ಮನಿಗೂ ಮಾಡಬೇಕಲ್ಲವೇ? ಮಷಿನ್ನಿಗೆ ಕಟ್ಟಿಗೆ ಕೊಯ್ಯುವ ಹಲ್ಲಿನ ಬ್ಲೇಡು ಹಾಕಿದಳು, ಅಲ್ಲಿಯವರೆಗೆ ಸರಿ. ಆಮೇಲೆ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ಚಂದ್ರಾಮನ ಕೈಗೆ ಕೊಟ್ಟು, "ಹನಿ ತಪ್ಪಬಾರದು" ಎಂದಳು. ಹಲಗೆಯ ಬದಿಯಿಂದ ಒಂದು ಪಟ್ಟಿ ತೆಗೆಯಲು ಗೆರೆ ಹೊಡೆದಳು. ಚಂದ್ರಾಮ ನೀರು ಬಿಟ್ಟ. ಬ್ಲೇಡು ಅರ್ಧದವರೆಗೆ ಓಡಿತು. ಮಷಿನ್ ಕೆಳಗಿಟ್ಟು, ಸೀಳಿನ ಅಡಿಗೆ ಒಂದು ಪರಸಿ ತುಂಡು ಕೊಟ್ಟು, ಗಂಡನನ್ನು ಹಲಗೆಯ ಒಂದು ತುದಿಗೆ ಹತ್ತಿಸಿ ನಿಲ್ಲಿಸಿ, ಇನ್ನೊಂದು ಬದಿಗೆ ಸುತ್ತಿಗೆಯಿಂದ ಟಣ್ ಎಂದು ಹೊಡೆದಳು.

ಟಣ್ ಎನ್ನಲಿಲ್ಲ. ಬಯ್ಞ್ ಎಂದಿತು. ಕಲ್ಲಾಗಿದ್ದರೆ ಮುರಿಯುತ್ತಿತ್ತು, ಪ್ಲೈವುಡ್ ಬಾಗಿತು, ಬಾಗಿದ್ದು ಚಿಮ್ಮಿತು. ಸುತ್ತಿಗೆ ತೊಳೆದಿಟ್ಟ ಪಾತ್ರೆಗಳ ನಡುವೆ ಹೋಗಿ ಬಿತ್ತು, ಚಂದ್ರಾಮ ಸೊಂಟದೆತ್ತರಕ್ಕೆ ಹಾರಿ ನೆಲಕ್ಕೆ ಕೂತ. ಅನಸುಬಾಯಿ ಹಟ ಹಿಡಿದು ಪಟ್ಟಿಯನ್ನು ಕೈಯಿಂದಲೇ ಜಗ್ಗಿದಳು. ಅದು ಕಬ್ಬಿನ ಸಿಪ್ಪೆಯ ಹಾಗೆ ಎಳೆಎಳೆಯಾಗಿ ಕಿತ್ತು ಬಂತು. ಸಾಗವಾನಿಯ ಮೈಯನ್ನು ಇಲಿ ಕಡಿದ ಹಾಗೆ ಅಂಚೆಲ್ಲ ಹರಿದಿತ್ತು.

ನೆಲದ ಮೇಲೆ ಕೂತಿದ್ದ ಚಂದ್ರಾಮನಿಂದ ಒಂದು ಸದ್ದು ಬಂತು. ಪೆಟ್ಟಾಯಿತೇನೋ ಎಂದು ಅನಸುಬಾಯಿ ಓಡಿದಳು. ಅವನು ನಗುತ್ತಿದ್ದ. ಇಷ್ಟು ವರ್ಷ ಕೂಡಿಟ್ಟ ನಗೆಯೆಲ್ಲ ಒಮ್ಮೆಲೇ ಹೊರಗೆ ಬಿದ್ದಿತ್ತು; ಕಣ್ಣಲ್ಲಿ ನೀರು, ಕೈಯಲ್ಲಿ ಇನ್ನೂ ಹನಿ ಹಾಕುತ್ತಿದ್ದ ಬಾಟಲಿ. ಆಕೆಗೂ ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಆಕೆ ಹಲಗೆಯನ್ನು ಅಳೆದು ನೋಡಿದಳು. ಉಳಿದದ್ದು ಬಾಗಿಲುಗಳಿಗೆ ಸರಿಯಾಗಿ ಸಾಕು. ಇನ್ನೊಂದು ತಪ್ಪಿಗೆ ಮಾತ್ರ ಅದರಲ್ಲಿ ಜಾಗವಿರಲಿಲ್ಲ. ಆಗ ಹೆದರಿಕೆಯಾಯಿತು, ನಿಜವಾಗಿಯೂ ಹೆದರಿಕೆ.

ಹರಿದ ಪಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಡಗಿ ಹಾಜಿಮಲಂಗ್‌ನ ಅಂಗಡಿಗೆ ಹೋದಳು. ಕುಂಚಾವರಂ ಕಾಡಿನ ಸಾಗವಾನಿಯಿಂದ ಹಿಡಿದು ಇಂದಿನ ಪ್ಲೈವುಡ್ಡಿನವರೆಗೆ ಎಲ್ಲವನ್ನೂ ಕೊಯ್ದ ಮನುಷ್ಯ. ಪಟ್ಟಿಯನ್ನು ತಿರುಗಿಸಿ ನೋಡಿ, ಮೂಸಿ ನೋಡಿ ಕೇಳಿದ, "ಅನಸಕ್ಕಾ, ಇದು ಹಸಿ ಯಾಕದ?"

"ನೀರ ಹಾಕೀನಿ."

"ಯಾ ಅಲ್ಲಾ! ಯಾಕ, ಚಿಗೀತದಂತೇನು? ಕರೆಂಟಿನ ಮಷಿನ್ ಅದು, ಬೀಗರ ಹಾಡ ಕೇಳೋತನ ಜೀವಂತ ಇರ್ಬೇಕಲ್ಲ ನೀನು!" ಎಂದು ಬೈದು ಕೂರಿಸಿದ. ಬೀಗರ ಹಾಡಿನ ಸುದ್ದಿ ಅವನಿಗೆ ಹೇಗೆ ಗೊತ್ತಾಯಿತೆಂದು ಆಕೆ ಕೇಳಲಿಲ್ಲ. ಶಹಾಬಾದಿನಲ್ಲಿ ಅದು ಯಾರಿಗೆ ಗೊತ್ತಿರಲಿಲ್ಲ?

"ಕಲ್ಲಿನಂಗೇ ಪದರ ಅವಲ್ಲ ಭಾಯಿ, ಮುರೀಬೇಕಿತ್ತಲ್ಲ?"

"ಕಲ್ಲಿನ ಪದರ ಎಲ್ಲಾ ಒಂದೇ ಕಡಿ ಮಲಗ್ಯಾವ. ಇದರದು ಒಂದು ಉದ್ದಕ, ಒಂದು ಅಡ್ಡಕ. ಒಬ್ಬರ ಕೈ ಒಬ್ಬರು ಹಿಡಕೊಂಡಾರ. ಮುರಿಯಂದ್ರ ಮುರಿಯಲ್ಲ. ಪೂರಾ ಕೊಯ್ಯಬೇಕು."

ಅಂದಿನಿಂದ ಹಾಜಿಮಲಂಗ್‌ನ ಅಂಗಡಿಯ ಮುಂದೆ ಅನಸುಬಾಯಿಯ ಹೊಸ ಶಾಲೆ ಶುರುವಾಯಿತು. ಬ್ಲೇಡಿನ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಏಳುತ್ತವೆ, ಆದ್ದರಿಂದ ಹರಿಯುವುದು ಮೇಲಿನ ಮೈ. ಚೆಂದದ ಮೈಯನ್ನು ಕೆಳಗೆ ಹಾಕಿ ಕೊಯ್ಯಬೇಕು ಎಂದು ಅವನು ಹೇಳಿಕೊಟ್ಟ. ಹಲಗೆಯ ಅಡಿಗೆ ಹಳೆಯ ಹಲಗೆ ಹಾಸಬೇಕು, ಕೊಯ್ದ ತುಂಡು ಜೋತು ಬೀಳಬಾರದು, ಬಿದ್ದರೆ ಕೊನೆಯಲ್ಲಿ ಸೀಳುತ್ತದೆ. ಮಷಿನ್ನಿನ ಪಾದವನ್ನು ಒಂದು ನೆಟ್ಟಗಿನ ಪಟ್ಟಿಗೆ ಒತ್ತಿ ಓಡಿಸಬೇಕು, ನೂಕಬಾರದು, ಅದು ಹೋದಷ್ಟು ಹೋಗಲು ಬಿಡಬೇಕು. ಪ್ರತಿ ಮಾತಿಗೂ ಅನಸುಬಾಯಿ ಜಗಳ ತೆಗೆದಳು, ಪ್ರತಿ ಮಾತನ್ನೂ ಮಾಡಿ ನೋಡಿದಳು. ಮೊದಲ ಸಲ ತುಂಡು ಹಲಗೆಯೊಂದು ಆ ಕಡೆಯಿಂದ ಈ ಕಡೆಗೆ ಪೂರ್ತಿ ಕೊಯ್ದು ಬಂದಾಗ ಮೈಯೆಲ್ಲ ಜುಮ್ಮೆಂದಿತು. ಕಲ್ಲಿನ ರಾಡಿ ಇಲ್ಲ, ಬದಲಿಗೆ ಸುವಾಸನೆಯ ಹಳದಿ ಪುಡಿ! ತಲೆಗೆ, ಹುಬ್ಬಿಗೆ, ಸೀರೆಯ ನಿರಿಗೆಗೆಲ್ಲ ಪುಡಿ ಹಚ್ಚಿಕೊಂಡು ಮನೆಗೆ ಹೋಗಿ, "ಮೂಸಿ ನೋಡ್ರಿ ನನ್ನ!" ಎಂದು ಚಂದ್ರಾಮನ ಮುಂದೆ ನಿಂತಳು. ಆತ ನಾಚಿಕೊಂಡು ಚಾ ಮಾಡಲು ಹೋದ.

ಹಾಜಿಮಲಂಗ್‌ನ ಅಲ್ಯೂಮಿನಿಯಂ ಪಟ್ಟಿ ಆಕೆಗೆ ಹಿಡಿಸಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿ, "ನಡಬರಕ ಹೊಟ್ಟಿ ಬಂದದ ಇದಕ್ಕ, ನಿನ್ನಂಗೇ" ಎಂದಳು. ಮನೆಯಿಂದ ಉದ್ದನೆಯ ಪರಸಿ ಪಟ್ಟಿಯೊಂದನ್ನು ಗಂಡನ ಹೆಗಲ ಮೇಲೆ ಹೊರಿಸಿಕೊಂಡು ಬಂದಳು. ಕಾರ್ಖಾನೆಯಲ್ಲಿ ತಾನೇ ಕೊಯ್ದು ತಾನೇ ಪಾಲಿಶ್ ಮಾಡಿ, ಬಾಗಿಲು ಹಾಕಿದ ದಿನ ನೆನಪಿಗೆಂದು ತಂದಿಟ್ಟುಕೊಂಡದ್ದು. ಅಡಿಗೆ ಬಟ್ಟೆ ಹಾಕಿ ಹಲಗೆಯ ಮೇಲೆ ಇಟ್ಟರೆ ಆ ಭಾರಕ್ಕೆ ಬಿಗಿದು ಹಿಡಿಯುವ ಶಿಕಂಜಿ ಬೇಡ, ಯಾರೂ ಹಿಡಿಯುವುದೂ ಬೇಡ. ಹಾಜಿಮಲಂಗ್ ತನ್ನ ಹೊಟ್ಟೆಯನ್ನೊಮ್ಮೆ ಪಟ್ಟಿಯನ್ನೊಮ್ಮೆ ನೋಡಿ ತನ್ನ ಅಲ್ಯೂಮಿನಿಯಂ ಪಟ್ಟಿಯನ್ನು ಮೂಲೆಗೆ ಒರಗಿಸಿದ.

ಇಷ್ಟಾದರೂ ಒಂದು ಚಿಂತೆ ಉಳಿಯಿತು. ಕೆಳಗಿನ ಮೈ ನುಣುಪಾಗಿ ಬರುತ್ತಿತ್ತು, ಮೇಲಿನ ಮೈಯಲ್ಲಿ ಮಾತ್ರ ಸಣ್ಣ ಸಣ್ಣ ಸಿಬರು.

"ಅದು ಬಾಗಲಿನ ಒಳಮಗ್ಗಲು ಆಗ್ತದ. ಯಾರ ನೋಡ್ತಾರ?" ಎಂದ ಹಾಜಿಮಲಂಗ್.

"ನಮ್ಮ ಬೀಗತಿ ನೋಡ್ತಾಳ. ಬಾಗಲ ತೆಗೆದು, ಒಳಗ ತಲಿ ಹಾಕಿ ನೋಡ್ತಾಳ."

ಆಕೆ ಒಂದು ತುಂಡು ಹಲಗೆ ಹಿಡಿದು ಕೂತು ಯೋಚಿಸಿದಳು. ಮೇಲಿನ ಪದರು ಹರಿಯುವುದು ಹಲ್ಲು ಕೆಳಗಿನಿಂದ ಜೋರಾಗಿ ಎತ್ತುವುದಕ್ಕೆ. ಎತ್ತುವ ಮೊದಲೇ ಎಳೆ ತುಂಡಾಗಿದ್ದರೆ? ಕಲ್ಲಿಗೆ ತಾನೇನು ಮಾಡುತ್ತಿದ್ದೆ? ಮೊದಲು ಚರ್ಮದಷ್ಟು. ಬ್ಲೇಡನ್ನು ಮೇಲೆತ್ತಿ ತಿರುಪು ಬಿಗಿದು, ಪರಸಿಗೆ ಮಷಿನ್ನಿನ ಪಾದ ಒತ್ತಿ, ಗೀರಿದಷ್ಟೇ ತೆಳುವಾಗಿ ಒಂದು ಸಲ ಓಡಿಸಿದಳು. ಆಮೇಲೆ ಬ್ಲೇಡು ಪೂರ್ತಿ ಇಳಿಸಿ ಅದೇ ಗೆರೆಯಲ್ಲಿ ಇನ್ನೊಮ್ಮೆ. ತುಂಡನ್ನು ಎತ್ತಿ ತಿರುಗಿಸಿದಳು. ಆ ಮೈಯೂ ನುಣುಪು, ಈ ಮೈಯೂ ನುಣುಪು.

ಅನಸುಬಾಯಿ ಕೂಗಿದ ಕೂಗಿಗೆ ಪಕ್ಕದ ಅಂಗಡಿಯವರು ಬೆರಳು ಹೋಯಿತೆಂದು ಓಡಿ ಬಂದರು. ಎಲ್ಲರಿಗೂ ಆಕೆ ತುಂಡಿನ ಎರಡೂ ಮೈ ತೋರಿಸಿದಳು. ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನನ್ನೂ ನಿಲ್ಲಿಸಿ ತೋರಿಸಿದಳು. ಅವನಿಗೇನೂ ತಿಳಿಯದೆ, "ಛಲೋ ಅದ್ರಿ ಅಕ್ಕಾ" ಎಂದು ಹೋದ.

ನಿಜವಾದ ಹಲಗೆ ಕೊಯ್ಯುವ ದಿನ ಚಂದ್ರಾಮ ಬಾಟಲಿಯಿಲ್ಲದ ಕೈಯಲ್ಲಿ ಏನು ಮಾಡಬೇಕೆಂದು ತಿಳಿಯದೆ ಕೊಯ್ದ ತುಂಡು ಹಿಡಿಯಲು ನಿಂತ. ಅನಸುಬಾಯಿ ಕನ್ನಡಕ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಸೆರಗನ್ನು ಸೊಂಟಕ್ಕೆ ಬಿಗಿದಳು. ಗೀರುವುದು, ಇಳಿಸುವುದು, ಗೀರುವುದು, ಇಳಿಸುವುದು. ಮಷಿನ್ನಿನ ಸದ್ದಿನ ಮರೆಯಲ್ಲಿ ತಾನು ಜೋರಾಗಿ ಹಾಡುತ್ತಿದ್ದೇನೆಂಬುದು ಆಕೆಗೇ ತಿಳಿದಿರಲಿಲ್ಲ. ಕೊನೆಯ ಬಾಗಿಲಿನ ನಡುಮಧ್ಯದಲ್ಲಿ ಕರೆಂಟು ಹೋಯಿತು. ಸದ್ದು ನಿಂತಿತು, ಹಾಡು ಮಾತ್ರ ಅಂಗಳದ ತುಂಬ ಉಳಿಯಿತು. ಓಣಿಯವರು ಗೋಡೆಯ ಮೇಲಿಂದ ಇಣುಕಿದರು. ಆಕೆ ಹಾಡು ನುಂಗಿ, ಮೊದಲು ಮಷಿನ್ನಿನ ಗುಂಡಿ ಬಿಟ್ಟಳು. ಬಿಡದಿದ್ದರೆ ಕರೆಂಟು ಬಂದೊಡನೆ ಮಷಿನ್ ತಾನಾಗಿ ಹಾರಿ ಬಾಗಿಲನ್ನೋ ಚಂದ್ರಾಮನನ್ನೋ ಕೊಯ್ಯುತ್ತಿತ್ತು. ಆಮೇಲೆ ಬ್ಲೇಡನ್ನು ಸೀಳಿನಿಂದ ಮೆಲ್ಲಗೆ ಹಿಂದೆ ತೆಗೆದು ಕಾದಳು. ಕರೆಂಟು ಬಂದಾಗ ಬ್ಲೇಡು ಪೂರ್ತಿ ವೇಗ ಹಿಡಿಯಲು ಬಿಟ್ಟು ಬಂದ ದಾರಿಯಲ್ಲೇ ಒಳಗೆ ಬಿಟ್ಟಳು. ಎಲ್ಲಿ ನಿಂತಿತ್ತು, ಎಲ್ಲಿ ಹೊರಟಿತು ಎಂಬ ಗುರುತು ಉಳಿಯಲಿಲ್ಲ.

ಹಾಜಿಮಲಂಗ್ ವಾಡಿಗೆ ಬಂದು ಬಿಜಾಗರಿ ಕೂಡಿಸಿ ಬಾಗಿಲುಗಳನ್ನು ಗೂಡಿಗೆ ನಿಲ್ಲಿಸಿಕೊಟ್ಟ. ಸಂಸಾರ ಹೂಡುವ ದಿನ ಬಂತು.

ಚಿತ್ತಾಪುರದ ಹೆಂಗಸರು ರೈಲಿಳಿದು ಗುಂಪಾಗಿ ಬಂದರು, ಮುಂದೆ ಸಂಘಮಿತ್ರಾ, ಮೈಮೇಲೆ ಹೊಸ ರೇಷ್ಮೆ ಸೀರೆ. ಜೈಭೀಮ್ ಹೇಳಿ, ನೀರು ಕುಡಿದು, ನೇರ ಅಡುಗೆಮನೆಗೆ ನಡೆದಳು. ಮೈತ್ರಿ ಈಗ ತಾನು ಸೊಸೆಯೋ ಮಗಳೋ ತಿಳಿಯದೆ ನಡುವೆ ನಿಂತು ಉಗುರು ಕಡಿಯುತ್ತಿದ್ದಳು. ಗೂಡಿನ ತುಂಬ ಜೇನುಬಣ್ಣದ ಬಾಗಿಲುಗಳು, ಬಾಗಿಲಿನಿಂದ ಬಾಗಿಲಿಗೆ ಹರಿದ ಎಳೆಗಳು. ಸಂಘಮಿತ್ರಾ ಎರಡು ಬಾಗಿಲ ನಡುವಿನ ಸಂದಿಗೆ ಕಣ್ಣಿಟ್ಟು ಮೇಲಿನಿಂದ ಕೆಳಗೆ ನೋಡಿದಳು. ಬಾಗಿಲು ತೆಗೆದಳು. ಅನಸುಬಾಯಿ ಹೇಳಿದ್ದ ಹಾಗೆಯೇ ಒಳಗೆ ತಲೆ ಹಾಕಿದಳು. ಆಮೇಲೆ ಯಾರೂ ಯೋಚಿಸದ ಒಂದು ಕೆಲಸ ಮಾಡಿದಳು. ತನ್ನ ರೇಷ್ಮೆ ಸೆರಗನ್ನು ಬಾಗಿಲಿನ ಅಂಚಿಗೆ ಒತ್ತಿ, ಮೇಲಿನಿಂದ ಕೆಳಗಿನವರೆಗೆ ಎಳೆದಳು. ಕೂದಲಿನಷ್ಟು ಸಿಬರಿದ್ದರೂ ರೇಷ್ಮೆಯ ನೂಲು ಹಿಡಿದು ಹೇಳುತ್ತದೆ. ಸೆರಗು ನೀರಿನ ಹಾಗೆ ಇಳಿದು ಬಂತು. ಇನ್ನೊಂದು ಬಾಗಿಲು, ಅದೂ ಹಾಗೆಯೇ. ಒಳಮೈಯ ಅಂಚು, ಅದೂ.

ಸಂಘಮಿತ್ರಾ ಸೆರಗನ್ನು ಹೆಗಲಿಗೆ ಹಾಕಿಕೊಂಡು, "ಏನೂ ಹತ್ತವಲ್ದು" ಎಂದಳು.

ಮೈತ್ರಿ ಓಡಿ ಬಂದು ತಾಯಿಯ ಕೊರಳಿಗೆ ಬಿದ್ದಳು, ಅತ್ತೆ ಇದ್ದಾಳೆಂಬ ಪರಿವೆ ಇಲ್ಲದೆ. ಅನಸುಬಾಯಿ ಮಗಳ ತಲೆ ಸವರುತ್ತ ಬಾಗಿಲುಗಳನ್ನೇ ನೋಡಿದಳು.

ಆದರೆ ಊಟಕ್ಕೆ ಕೂತಾಗ ಆಕೆಯ ಕಣ್ಣಿಗೆ ಬೇರೊಂದು ಬಿತ್ತು. ಸಂಘಮಿತ್ರಾಳ ಮುಖ ಆಟಿಕೆ ಕಸಿದುಕೊಂಡ ಮಗುವಿನ ಹಾಗೆ ಸಣ್ಣದಾಗಿತ್ತು. ಹೋಳಿಗೆ ಹಾಗೇ ಇತ್ತು. ಜೊತೆಗೆ ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

"ಏನಾತ್ರಿ ಬೀಗತಿ?"

"ಏನಿಲ್ರಿ. ಹಾಡ ಕಟ್ಟಿದ್ದೆ. ಬರ್ತಾ ರೈಲ್ದಾಗ ಇವರಿಗೆಲ್ಲ ಕಲಿಸಿದ್ದೆ. ಭಾಳ ಛಂದ ಕುಂತಿತ್ತು" ಎಂದು ಸಂಘಮಿತ್ರಾ ನಿಟ್ಟುಸಿರಿಟ್ಟಳು. "ಇರ್ಲಿ. ಪಣ ಅಂದ್ರ ಪಣ. ನೀವು ಗೆದ್ದೀರಿ."

ಅನಸುಬಾಯಿಗೆ ಗೆದ್ದ ಸಂತೋಷ ಎಷ್ಟು ಉಕ್ಕಿ ಬಂದಿತ್ತೆಂದರೆ ಅದನ್ನು ಒಬ್ಬಳೇ ಇಟ್ಟುಕೊಳ್ಳಲು ಜಾಗವಿರಲಿಲ್ಲ. ಬೆವರು ಸುರಿಸಿ ಕೊಯ್ದದ್ದು ಹಾಳಾದರೆ ಆ ನೋವು ಕೊಯ್ದವರಿಗೇ ಗೊತ್ತು. ಕಟ್ಟಿದ ಹಾಡು ಹಾಳಾದರೂ ಅಷ್ಟೇ. "ಹಾಡ್ರಿ!" ಎಂದಳು. "ನನಗ ಕೇಳಬೇಕು. ಹಾಡಲಾರದ ಹೋದ್ರ ಹೋಳಗಿ ಮ್ಯಾಲ ತುಪ್ಪ ಹಾಕಲ್ಲ!"

ಸಂಘಮಿತ್ರಾಳ ಬೆನ್ನು ನೆಟ್ಟಗಾಯಿತು. ಕೈ ತೊಳೆದು ಬಂದು, ಗಂಟಲು ಸರಿಮಾಡಿಕೊಂಡು ಎತ್ತಿದಳು:

*ಕಲ್ಲ ಕಡಿಯಾಕಿ ನಮ್ಮ ಬೀಗತಿ*
*ಕಟಗಿಗಿ ನೀರ ಹಾಕ್ಯಾಳ,*
*ನೀರ ಕುಡದು ಕಟಗಿ ಚಿಗತರ*
*ಬಾಗಲದಾಗ ಹಣ್ಣ ಹರದಾಳ!*

ಮನೆ ಬಿದ್ದು ಹೋಗುವ ಹಾಗೆ ನಗೆ. ನೀರು ಹಾಕಿದ್ದು ಚಿತ್ತಾಪುರಕ್ಕೆ ಹೇಗೆ ಮುಟ್ಟಿತು? ಅನಸುಬಾಯಿ ತಿರುಗಿ ಗಂಡನನ್ನು ನೋಡಿದಳು. ಚಂದ್ರಾಮ ಬಹಳ ಗಮನವಿಟ್ಟು ಬಾಗಿಲಿನ ಬಿಜಾಗರಿ ನೋಡುತ್ತಿದ್ದ. ನಗುವುದನ್ನು ಕಲಿತ ಮನುಷ್ಯ ಅಳಿಯನಿಗೆ ಫೋನಿನಲ್ಲಿ ಮಾತಾಡುವುದನ್ನೂ ಕಲಿತಿದ್ದ. ಅವನ ಪಾಲೂ ತಪ್ಪಲಿಲ್ಲ:

*ಹಲಗಿ ಮ್ಯಾಲ ಬೀಗನ್ನ ನಿಂದ್ರಿಸಿ*
*ಸುತ್ತಗಿ ಎತ್ತಿ ಬಡದಾಳ,*
*ಹಲಗಿ ಮುರೀಲಿಲ್ಲ, ಬೀಗ ಹಾರ್ಯಾನ,*
*ಮ್ಯಾಲಿಂದ ವಾಡಿ ಕಂಡಾನ!*

ಅನಸುಬಾಯಿ ಎಲ್ಲರಿಗಿಂತ ಜೋರಾಗಿ ನಗುತ್ತ ಚಪ್ಪಾಳೆ ತಟ್ಟಿ ತಾಳ ಹಾಕಿದಳು. ಸಂಘಮಿತ್ರಾ ಹುರುಪಿನಲ್ಲಿ ಮೂರನೆಯದನ್ನು ಎತ್ತಿದಳು:

*ಶಾಬಾದದಾಗ ಹುಟ್ಟಿದ ಗೆರಿ*
*ಮಷಿನ ಹತ್ತಿ ಹೊಂಟದ,*
*ನೆಟ್ಟಗ ಹೋಗಂದ್ರ ಬೀಗತಿ ಗೆರಿ...*

ಅಲ್ಲಿಗೇ ನಿಂತಳು. ಮುಂದಿನ ಸಾಲು ರೈಲಿನಲ್ಲಿ ಎಲ್ಲರೂ ಕಲಿತದ್ದೇ: 'ಚಿಂಚೋಳಿ ಸುತ್ತಿ ಬಂದದ.' ಬಾಗಿಲುಗಳು ಎದುರಿಗೇ ಇದ್ದವು. ಸುಳ್ಳು ಹಾಡಿ ಸಂಘಮಿತ್ರಾಳಿಗೆ ರೂಢಿಯಿಲ್ಲ. ಆಕೆಯ ಹಾಡು ಹತ್ತುತ್ತಿದ್ದದ್ದೇ ಅದು ನಿಜವಿರುತ್ತಿದ್ದುದರಿಂದ. ಚಿತ್ತಾಪುರದ ಹೆಂಗಸರು ತಮ್ಮ ಹಾಡುಗಾರ್ತಿ ಸಾಲಿಗೆ ತಡಕಾಡಿದ್ದನ್ನು ಎಂದೂ ಕಂಡಿರಲಿಲ್ಲ.

ಕೈಯಲ್ಲಿ ತುಪ್ಪದ ಬಟ್ಟಲು ಹಿಡಿದು ನಿಂತಿದ್ದ ಅನಸುಬಾಯಿ ರಾಗ ತಪ್ಪಿಸಿ, ಇಡೀ ವಾಡಿಗೆ ಕೇಳುವ ಹಾಗೆ ಆ ಸಾಲನ್ನು ಮುಗಿಸಿದಳು:

*ಬೀಗತಿ ಮನಿತನಕ ಬಂದದ!*

ಸಂಘಮಿತ್ರಾ ಆ ಸಾಲನ್ನು ಮೆಲ್ಲಗೆ, ಈ ಸಲ ರಾಗದಲ್ಲಿ, ತಾನೇ ಇನ್ನೊಮ್ಮೆ ಹಾಡಿ ನೋಡಿದಳು. ಸರಿಯಾಗಿ ಕೂತಿತು. ಎದ್ದು ಬಂದು ಅನಸುಬಾಯಿಯ ಕೈ ಹಿಡಿದುಕೊಂಡಳು. ಆಕೆಯ ಕಣ್ಣುಗಳು ಒದ್ದೆಯಾಗಿದ್ದವು, ತುಟಿಯ ಒಂದು ಬದಿ ಮಾತ್ರ ಎಂದಿನಂತೆ ಮೇಲೆದ್ದಿತ್ತು.

"ಬಂದದ್ದೇನೋ ಬಂತು ನಿಮ್ಮ ಗೆರಿ, ಅಳತಿ ತೊಗೊಂಡೇ ಹೋಗ್ಲಿ. ನಮ್ಮ ಅಡಿಗಿಮನಿ ಗೂಡಿಗೂ ಬಾಗಲಿಲ್ರಿ ಬೀಗತಿ."

ಅನಸುಬಾಯಿ ತುಪ್ಪ ಸುರಿದಳು, ಹೋಳಿಗೆ ಮುಳುಗುವಷ್ಟು. ಮುಂದಿನ ವಾರ ಗಂಡ ಹೆಂಡತಿ ಚಿತ್ತಾಪುರದ ರೈಲು ಹತ್ತಿದರು, ಆಕೆಯ ತೊಡೆಯ ಮೇಲೆ ಸೀರೆಯಲ್ಲಿ ಸುತ್ತಿದ ಮಷಿನ್, ಅವನ ಹೆಗಲ ಮೇಲೆ ಪರಸಿ ಪಟ್ಟಿ. ಎದುರಿಗೆ ಕೂತಿದ್ದ ನಾಲವಾರದ ಹೆಂಗಸೊಬ್ಬಳು ಸೀರೆಯಿಂದ ಇಣುಕುತ್ತಿದ್ದ ಮಷಿನ್ ನೋಡಿ, ಮುಖ ನೋಡಿ, "ಕಟಗಿಗಿ ನೀರ ಹಾಕಿದಾಕಿ ನೀವೇ ಏನ್ರಿ?" ಎಂದು ಕೇಳಿದಳು. "ಹೌದ್ರಿ, ನಾನೇ!" ಎಂದು ಅನಸುಬಾಯಿ ಸರಿದು ಕೂತು ಆಕೆಗೆ ಜಾಗ ಮಾಡಿಕೊಟ್ಟು, ಕತೆಯನ್ನು ಮೊದಲಿನಿಂದ ಹೇಳಲು ಶುರುಮಾಡಿದಳು.